ಬಾವಿಯ ಹೊಸ ನೀರು

ಮೇ ತಿಂಗಳು ಮುಗಿಯುತ್ತ ಬಂದರೂ ಮಳೆಯ ಸುಳಿವಿರಲಿಲ್ಲ. ವಾಮಂಜೂರಿನ ಮನೆಯ ಬಾವಿ ಬತ್ತಿತ್ತು. ಹೂಳೆತ್ತಲು ಕೆಳಗಿಳಿದ ಗಂಡ ಪಾಸ್ಕಲ್ ಇದ್ದಕ್ಕಿದ್ದಂತೆ ಮೌನವಾದಾಗ ಸೆವ್ರಿನ್ ಗಾಬರಿಯಾದಳು.

“ಎಂತ ಆಯ್ತು? ಮಾತಾಡಿ,” ಎಂದು ಕಟ್ಟೆಯಿಂದ ಬಗ್ಗಿ ಕೂಗಿದಳು. ಹೋದ ವರ್ಷ ನೆರೆಯವನೊಬ್ಬ ಬಾವಿಯೊಳಗೇ ಉಸಿರುಕಟ್ಟಿ ಸತ್ತಿದ್ದ. ಅವಳು ಕೊರಳಿನ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದಳು. “ಯೇಸು ಸ್ವಾಮಿ, ನನಗೆ ನೀರು ಬೇಡ, ಇವರನ್ನು ಉಳಿಸಿಕೊಡು.”

“ಸ್ವಲ್ಪ ಸುಮ್ಮನಿರು ಮಾರಾಯ್ತಿ,” ಎಂದಿತು ಆಳದಿಂದ ದನಿ. “ಒರತೆಯ ಸದ್ದು ಕೇಳ್ತಾ ಉಂಟು.”

ಮೇಲೆ ಬಂದ ಕೊಡಪಾನದಲ್ಲಿ ಅರ್ಧ ಕೆಸರೇ ಇತ್ತು. ಪಾಸ್ಕಲ್ ಹತ್ತಿ ಬಂದ ಮೇಲೆ, ಅದು ತಿಳಿಯಾಗುವವರೆಗೆ ಕಾದು, ಶಿಲುಬೆಯ ಗುರುತು ಮಾಡಿ, ಇಬ್ಬರೂ ಒಂದೇ ಚೊಂಬಿನಿಂದ ಕುಡಿದರು. ಅಷ್ಟು ತಂಪಾದ ನೀರನ್ನು ಅವಳು ಎಂದೂ ಕುಡಿದಿರಲಿಲ್ಲ.