ಫೋನಿನ ಧಾರಣೆ, ಜೇಬಿನ ಅಡಿಕೆ

ಮಾಸ್ತಪ್ಪನಿಗೆ ಐವತ್ತಮೂರು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷ ಬಸ್ಸಿನಲ್ಲೇ ಸವೆದಿತ್ತು. ಅವನು ಡ್ರೈವರೂ ಅಲ್ಲ, ಕಂಡಕ್ಟರೂ ಅಲ್ಲ. ರಿಪ್ಪನ್‌ಪೇಟೆಯ ಅಡಿಕೆ ವ್ಯಾಪಾರಿ ಮುಕುಂದಯ್ಯನವರಿಗೆ ಸಾಗರದ ಮಾರುಕಟ್ಟೆಯ ಧಾರಣೆ, ಅಂದರೆ ಆ ದಿನದ ಬೆಲೆ, ತಂದುಕೊಡುವುದು ಅವನ ಕೆಲಸ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗಬೇಕು, ಮಂಡಿಯಲ್ಲಿ ವ್ಯಾಪಾರಿಗಳು ರೇಟು ಬರೆದು ಹಾಕಿದ ಟೆಂಡರಿನ ಚೀಟಿ ಒಡೆಯುವವರೆಗೆ ಕಾಯಬೇಕು, ಯಾವ ಅಡಿಕೆ ಎಷ್ಟಕ್ಕೆ ಹೋಯಿತೆಂದು ಕಣ್ಣಾರೆ ನೋಡಬೇಕು. ಆಮೇಲೆ ಅದೇ ಅಡಿಕೆಯ ಒಂದು ಹಿಡಿ ಮಾದರಿಯನ್ನು ಜೇಬಿಗಿಳಿಸಿ, ಒಂದೂವರೆಯ ಬಸ್ಸು ಹಿಡಿದು, ಮೂರು ಗಂಟೆಗೆ ಅಂಗಡಿಯ ಮೆಟ್ಟಿಲು ಹತ್ತಬೇಕು.

ಮುಕುಂದಯ್ಯನವರು ಬೆಳಿಗ್ಗೆ ಕೊಂಡದ್ದನ್ನು ಸಂಜೆಯೊಳಗೆ ಮಾರಿ ಕೈತೊಳೆದುಕೊಳ್ಳುವ ಪೈಕಿ. ಗೋಡೌನಿನಲ್ಲಿ ಒಂದು ಚೀಲ ಉಳಿದರೂ ಅವರಿಗೆ ರಾತ್ರಿ ನಿದ್ದೆಯಿಲ್ಲ. ಇಂಥವರಿಗೆ ಅರ್ಧ ಗಂಟೆ ಎಂದರೆ ಅರ್ಧ ಆಯುಷ್ಯ. ಧಾರಣೆ ಬೇಗ ತಿಳಿದ ದಿನ ಅವರು ಜಾಣರು, ತಡವಾದ ದಿನ ಮಾಸ್ತಪ್ಪ ಕತ್ತೆ. ಹತ್ತೊಂಬತ್ತು ವರ್ಷ ಈ ಲೆಕ್ಕ ಹೀಗೇ ನಡೆದಿತ್ತು.

ಎಂಬತ್ತಮೂರನೆಯ ಇಸವಿಯ ಫೆಬ್ರವರಿಯಲ್ಲಿ ಅಂಗಡಿಗೆ ಕಪ್ಪು ಫೋನು ಬಂತು. ಅದೇ ಸಮಯಕ್ಕೆ ಮುಕುಂದಯ್ಯನವರ ತಂಗಿಯ ಮಗಳು ವಾಗ್ದೇವಿಯೂ ಬಂದಳು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕಾಯುತ್ತಿದ್ದ ಹುಡುಗಿ. ಸುಮ್ಮನೆ ಕೂರಲಾರದೆ ಅಂಗಡಿಯ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ದಿನದ ಧಾರಣೆಯನ್ನು ಬಣ್ಣದ ಪೆನ್ಸಿಲಿನಲ್ಲಿ ಏರಿಸಿ ಇಳಿಸಿ ಗೆರೆ ಎಳೆಯತೊಡಗಿದಳು. ಮುಕುಂದಯ್ಯನವರಿಗೆ ಆ ಗೆರೆಗಳ ಹುಚ್ಚು ಹತ್ತಿತು.

ಒಂದು ದಿನ ಅವರು ಮಾಸ್ತಪ್ಪನನ್ನು ಕರೆದರು.

"ನೋಡು ಮಾಸ್ತಾ, ಒಂದು ತಿಂಗ್ಳು ನಾಲ್ಕನ್ನೂ ಇಟ್ಟು ನೋಡುವ. ಫೋನು, ತಂತಿ, ರೇಡಿಯೊ, ನೀನು. ಯಾವ್ದು ಮುಂಚೆ ಬರುತ್ತೆ, ಯಾವ್ದು ಸರಿ ಹೇಳುತ್ತೆ, ಇವಳು ಬರೆದಿಡ್ತಾಳೆ. ಫೋನು ಗೆದ್ರೆ ನಿಂಗೆ ಬಸ್ಸಿನ ಕಾಟ ತಪ್ತು. ಇಲ್ಲೇ ತಕ್ಕಡಿ ಹತ್ರ ಕೂತ್ಕೋ, ಸಂಬ್ಳ ಅಷ್ಟೇ ಇರ್ಲಿ."

"ಹೂಂ ಅಯ್ಯಾ," ಎಂದ ಮಾಸ್ತಪ್ಪ. ಅವರೆದುರು ಅವನು ಬೇರೇನೂ ಅಂದದ್ದೇ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಯಂತ್ರ ಬಂದು ತನ್ನ ಅನ್ನ ಕಸಿಯಿತೆಂದು ಎದೆ ಬಡಿದುಕೊಳ್ಳುತ್ತಿದ್ದರು. ಮಾಸ್ತಪ್ಪ ಆ ಫೋನೇ ಗೆಲ್ಲಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಬಸ್ಸಿನ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕುಕ್ಕಿಸಿಕೊಂಡು ಅವನ ಬಲಮೊಣಕಾಲು ಕೆಟ್ಟಿತ್ತು. ರಾತ್ರಿ ಹೆಂಡತಿ ಕನ್ನಮ್ಮ ಎಣ್ಣೆ ತಿಕ್ಕುವಾಗ, "ತಕ್ಕಡಿ ಹತ್ರ ಕೂತ್ರೆ ಮಧ್ಯಾಹ್ನ ಮನೆಗೇ ಉಣ್ಣಕ್ಕೆ ಬರ್ಬೋದಲ್ಲೇ," ಎಂದ. ಈ ಕೆಲಸ ಹಿಡಿದ ಮೇಲೆ ಮಂಡಿಗೆ ರಜೆಯಿದ್ದ ದಿನ ಬಿಟ್ಟರೆ ಮಧ್ಯಾಹ್ನದ ಊಟ ಅವನು ಮನೆಯಲ್ಲಿ ಮಾಡಿರಲಿಲ್ಲ. ಕನ್ನಮ್ಮ ಮರುದಿನವೇ ಅವನಿಗೆಂದು ಊಟಕ್ಕೆ ಹೊಸ ಮಣೆ ಮಾಡಿಸಲು ಹೊರಟಳು. ಸ್ವಲ್ಪ ತಡಿ ಎಂದು ಅವನೇ ನಿಲ್ಲಿಸಿದ.

ಪರೀಕ್ಷೆ ಶುರುವಾಯಿತು. ರೇಡಿಯೊ ಮೊದಲ ವಾರದಲ್ಲೇ ಮುಗ್ಗರಿಸಿತು. ಅದು ಹೇಳುವುದು ನಿನ್ನೆಯ ಧಾರಣೆ. ನಿನ್ನೆಯದನ್ನು ಕಟ್ಟಿಕೊಂಡು ಇವತ್ತಿನ ವ್ಯಾಪಾರ ಯಾರು ಮಾಡುತ್ತಾರೆ? ತಂತಿ ಬರುವಷ್ಟರಲ್ಲಿ ಮಾಸ್ತಪ್ಪ ಬಂದು ಕಾಫಿ ಕುಡಿದು ಕೂತಿರುತ್ತಿದ್ದ. ಫೋನು ಮಾತ್ರ ಗಟ್ಟಿ. ಮಂಡಿಯ ಗುಮಾಸ್ತ ಕೆರಿಯಪ್ಪ ಸಾಗರದಿಂದ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ. ಲೈನು ಸಿಕ್ಕಿದ ದಿನ ಹನ್ನೆರಡೂವರೆಗೆಲ್ಲ ಧಾರಣೆ ಕಿವಿಯಲ್ಲಿ. ವಾಗ್ದೇವಿ ಫೋನಿಗೆ ಕೆಂಪು ಗೆರೆ, ಮಾಸ್ತಪ್ಪನಿಗೆ ಹಸಿರು ಗೆರೆ ಎಳೆದಳು.

ಆದರೆ ಫೋನಿಗೂ ಒಂದು ಐಬಿತ್ತು. ಒಂದು ದಿನ ಅದು ರಾಶಿ ಜಾತಿಯ ಅಡಿಕೆ ಕ್ವಿಂಟಲಿಗೆ ಸಾವಿರದ ಒಂಬೈನೂರು ಎಂದಿತು. ಮುಕುಂದಯ್ಯನವರು ಆ ನಂಬಿಕೆಯ ಮೇಲೆ ಕಣ್ಣುಮುಚ್ಚಿ ಕೊಂಡರು. ಮೂರು ಗಂಟೆಗೆ ಮಾಸ್ತಪ್ಪ ಬಂದು ಜೇಬಿನಿಂದ ಮಾದರಿ ಮೇಜಿನ ಮೇಲೆ ಸುರಿದ. ಒಂದೊಂದೂ ಆರಿಸಿ ತೆಗೆದಂಥ ಕೆಂಪು ಅಡಿಕೆ.

"ಇದೊಂದು ಲಾಟು ಮಾತ್ರ ಆ ರೇಟಿಗೆ ಹೋಯ್ತು ಅಯ್ಯಾ. ನಮ್ ಕಡೆ ಅಡಿಕೆಯಂಥದ್ದು ನೂರು ರೂಪಾಯಿ ಕಮ್ಮಿ," ಎಂದ.

ಮುಕುಂದಯ್ಯನವರು ತಲೆಗೆ ಕೈಹಚ್ಚಿ ಕೂತರು. ಫೋನು ಸುಳ್ಳು ಹೇಳಿರಲಿಲ್ಲ. ಅಡಿಕೆ ಎಂಥದೆಂದು ಹೇಳಿರಲಿಲ್ಲ ಅಷ್ಟೆ.

ತಿಂಗಳ ಕೊನೆಯ ವಾರ ವಾಗ್ದೇವಿ ಅವನನ್ನು ಗೋಡೆಯ ಹತ್ತಿರ ಕರೆದಳು. "ಮಾಸ್ತಪ್ಪಣ್ಣ, ನಿಮ್ ಗೆರೆ ನೋಡಿ. ಒಂದು ದಿನನೂ ತಪ್ಪಿಲ್ಲ. ಹಿಂಗೇ ಆದ್ರೆ ಮಾವ ನಿಮ್ಗೆ ಬಸ್ಸು ಬಿಡಿಸಲ್ಲ. ಎರಡು ಮೂರು ದಿನ ತಡವಾಗಿ ಬನ್ನಿ. ಯಾರೂ ಕೇಳಲ್ಲ."

ಅವಳ ಮಾತು ಅವನಿಗೆ ಹಿತವೆನಿಸಿತು. ಮರುದಿನ ಸಾಗರದಲ್ಲಿ ಒಂದೂವರೆಯ ಬಸ್ಸು ಬಂದು ನಿಂತಾಗ ಮಾಸ್ತಪ್ಪ ಹೋಟೆಲಿನ ಬೆಂಚಿನ ಮೇಲೆ ಬನ್ನು ಮುರಿಯುತ್ತಾ ಗಟ್ಟಿ ಮನಸ್ಸು ಮಾಡಿ ಕೂತ. ಬಸ್ಸು ಹೊರಟೇ ಹೋಯಿತು. ಹತ್ತು ನಿಮಿಷ ಕೂಡ ಕಳೆದಿರಲಿಲ್ಲ, ಎದ್ದು ನಿಂತ. ಜೇಬಿನ ಅಡಿಕೆಯನ್ನು ಮುಟ್ಟಿ ನೋಡಿದ. ಬನ್ನು ಅರ್ಧಕ್ಕೇ ಬಿಟ್ಟು, ರಸ್ತೆಗೆ ಓಡಿ, ಕೈಯಡ್ಡ ಹಾಕಿ ಮರ ಸಾಗಿಸುವ ಒಂದು ನಾಟಾ ಲಾರಿ ಹತ್ತಿದ. ಆ ಡ್ರೈವರ್ ಯಾರ ಮದುವೆಗೆ ಹೊರಟಿದ್ದನೋ ಏನೋ, ದಾರಿಯಲ್ಲಿ ಬಸ್ಸನ್ನೇ ಹಿಂದೆ ಹಾಕಿ ಎರಡೂ ಮುಕ್ಕಾಲಿಗೆ ರಿಪ್ಪನ್‌ಪೇಟೆಯಲ್ಲಿ ಇಳಿಸಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಇಷ್ಟು ಬೇಗ ಬಂದದ್ದೇ ಇಲ್ಲ. ವಾಗ್ದೇವಿ ಗಡಿಯಾರ ನೋಡಿದಳು, ಅವನ ಮುಖ ನೋಡಿದಳು, ಹಸಿರು ಪೆನ್ಸಿಲು ಎತ್ತಿಕೊಂಡಳು. ಮಾಸ್ತಪ್ಪನಿಗೆ ತನ್ನ ಮೇಲೇ ಬೇಸರ ಬಂತು.

ತಿಂಗಳು ಮುಗಿಯಿತು. ಇಪ್ಪತ್ತಾರು ದಿನದಲ್ಲಿ ಫೋನು ಸಿಕ್ಕಿದ್ದು ಹದಿನೇಳು ದಿನ. ಮಾಸ್ತಪ್ಪ ಸಿಕ್ಕಿದ್ದು ಇಪ್ಪತ್ತಾರು ದಿನ. ಮುಂಚೆ ಹೇಳಿದ್ದು ಫೋನು, ಸರಿಯಾಗಿ ಹೇಳಿದ್ದು ಮಾಸ್ತಪ್ಪ. ಮುಕುಂದಯ್ಯನವರು ಕನ್ನಡಕ ಏರಿಸಿ ಗೋಡೆಯನ್ನು ಬಹಳ ಹೊತ್ತು ನೋಡಿ ತೊಡೆ ತಟ್ಟಿದರು.

"ಎರಡೂ ಬೇಕು! ಒಂದರ ಕೊರತೆ ಇನ್ನೊಂದು ತುಂಬುತ್ತೆ. ಮಾಸ್ತಾ, ನೀನೂ ಮಂಡಿಲೇ ಇರ್ತೀಯ, ಫೋನೂ ಅಲ್ಲೇ ಇರುತ್ತೆ. ಅಡಿಕೆ ನೋಡಿ ಅಲ್ಲಿಂದ್ಲೇ ಹೇಳು. ಮಾದರಿ ಆಮೇಲೆ ಬರ್ಲಿ. ತೀರ್ಥಹಳ್ಳಿ ಮಂಡಿ ಧಾರಣೆನೂ ಬೇಕಾದ್ರೆ ನಾನೇ ನಿಂಗೆ ಫೋನ್ ಮಾಡ್ತೀನಿ, ನೀನು ಸಾಗರದಿಂದ ಹಂಗೇ ಅಲ್ಲಿಗೆ ಹೋಗು."

"ಹೂಂ ಅಯ್ಯಾ," ಎಂದ ಮಾಸ್ತಪ್ಪ. ವಾಗ್ದೇವಿ ತಲೆ ತಗ್ಗಿಸಿದಳು.

ಹಾಗಾಗಿ ಫೋನು ಬಂದ ಮೇಲೆ ಮಾಸ್ತಪ್ಪನ ಪ್ರಯಾಣ ಕಡಿಮೆಯಾಗಲಿಲ್ಲ, ಒಂದಕ್ಕೆ ಎರಡಾಯಿತು. ಸಾಗರದಲ್ಲಿ ಟೆಂಡರು ಮುಗಿಸಿ ತೀರ್ಥಹಳ್ಳಿ ಬಸ್ಸು ಹತ್ತುವುದು. ಬಸ್ಸು ರಿಪ್ಪನ್‌ಪೇಟೆಯಲ್ಲೇ ಹಾಯುತ್ತಿತ್ತು. ಮಾದರಿಯ ಪೊಟ್ಟಣವನ್ನು ಕಿಟಕಿಯಿಂದಲೇ ಅಂಗಡಿಯವರ ಕೈಗೆ ಕೊಟ್ಟು ಮುಂದಕ್ಕೆ ಹೋಗುವುದು. ಅಲ್ಲಿಂದ ನೂರು ಮಾರು ದಾಟಿದರೆ ಅವನ ಮನೆ. ಒಂದೆರಡು ಸಲ ಕನ್ನಮ್ಮ ಅಂಗಳದಲ್ಲಿ ಬಟ್ಟೆ ಹರವುತ್ತಾ ನಿಂತದ್ದೂ ಕಂಡಿತು. ಒಮ್ಮೆ ಅವಳು ಕೈಯೆತ್ತಿದಳು. ಆಮೇಲೆ ಎತ್ತಲಿಲ್ಲ. ಮೊದಲಾದರೆ ಮೂರು ಗಂಟೆಗೆ ಅವನ ದಿನ ಮುಗಿಯುತ್ತಿತ್ತು. ಈಗ ಕೊನೆಯ ಬಸ್ಸಿನಲ್ಲಿ ಬಂದು, ತಣ್ಣಗಾದ ಅನ್ನಕ್ಕೆ ಸಾರು ಸುರಿದುಕೊಂಡು, ಕೂತಲ್ಲೇ ತೂಕಡಿಸುತ್ತಿದ್ದ. ಸಾಗರದ ಮಂಡಿಯಲ್ಲಿ ಚಹಾ ಕುಡಿಯುವ ಹೊತ್ತೊಂದು ಅವನದಾಗಿತ್ತು, ಅದೂ ಹೋಯಿತು. ಯಾವ ಗಳಿಗೆಗೆ ಗಂಟೆ ಹೊಡೆದೀತೋ ಎಂದು ಫೋನಿನ ಪಕ್ಕದಲ್ಲೇ ಕಾಯಬೇಕಾಯಿತು.

ಆರು ವಾರ ಹೀಗೆ ನಡೆಯಿತು. ಏಳನೆಯ ವಾರದ ಒಂದು ಗುರುವಾರ, ಟೆಂಡರು ಮುಗಿದು, ಮಾಸ್ತಪ್ಪ ಅಡಿಕೆ ಚೀಲಕ್ಕೊರಗಿ ಮೊಣಕಾಲು ಒತ್ತಿಕೊಳ್ಳುತ್ತಿದ್ದಾಗ ಕೆರಿಯಪ್ಪ ಕೂಗಿದ.

"ಮಾಸ್ತಪ್ಪಾ, ನಿಂದೇ ಫೋನು! ನಾನು ಹೇಳಿದ್ರೆ ಆಗಲ್ವಂತೆ, ನೀನೇ ಬರ್ಬೇಕಂತೆ."

ಅವನು ಕುಂಟುತ್ತಾ ಹೋಗಿ ರಿಸೀವರು ಹಿಡಿದ.

"ಮಾಸ್ತಾ, ತೀರ್ಥಹಳ್ಳಿ ಮುಗಿಸ್ಕೊಂಡು ಇವತ್ತು ಹೊಸನಗರಕ್ಕೂ ಹೋಗ್ಬಿಡು. ಅಲ್ಲಿ ಒಂದು ಲಾಟು ಬಂದಿದೆಯಂತೆ. ರಾತ್ರಿ ಅಲ್ಲೇ ಎಲ್ಲಾದ್ರೂ ಮಲಗಿ ಬೆಳಿಗ್ಗೆ ಬಾ."

ಮಾಸ್ತಪ್ಪ ಬಾಯಿ ತೆರೆದ. ಹೂಂ ಎನ್ನಲು ನಾಲಿಗೆ ಎದ್ದಿತ್ತು. ಆದರೆ ಎದುರಿಗೆ ಮುಕುಂದಯ್ಯನವರ ಹಣೆಯಿಲ್ಲ, ಹಣೆಯ ಗಂಧವಿಲ್ಲ, ಕನ್ನಡಕದ ಮೇಲಿಂದ ನೋಡುವ ಆ ಕಣ್ಣಿಲ್ಲ. ಮಂಡಿಯ ಸುಣ್ಣದ ಗೋಡೆ ಮಾತ್ರ ಇತ್ತು. ಗೋಡೆಗೆ ಯಾರು ಹೆದರುತ್ತಾರೆ?

"ಆಗಲ್ಲ ಅಯ್ಯಾ," ಎಂದ.

"ಎಂಥದು? ಕೇಳ್ಸಲಿಲ್ಲ. ಬಸ್ಸಿಲ್ವಾ?"

"ಬಸ್ಸಿದೆ. ನಾನು ಹೋಗಲ್ಲ. ಹೊಸನಗರಕ್ಕೂ ಹೋಗಲ್ಲ, ತೀರ್ಥಹಳ್ಳಿಗೂ ಹೋಗಲ್ಲ. ನಾಳೆಯಿಂದ ಸಾಗರಕ್ಕೂ ಬರಲ್ಲ. ನನ್ ಕಾಲು ಸೋತಿದೆ, ನಾನೂ ಸೋತಿದೀನಿ. ತಕ್ಕಡಿ ಹತ್ರ ಕೂರ್ಸಿದ್ರೆ ಕೂರ್ತೀನಿ, ಇಲ್ದಿದ್ರೆ ಮನೇಲಿ ಇರ್ತೀನಿ."

ಕೆರಿಯಪ್ಪನ ಕೈಯ ಪೆನ್ನು ನಿಂತಿತು. ಆ ಕಡೆಯಿಂದ ಮುಕುಂದಯ್ಯನವರ ದನಿ ಇಳಿದು ಬಂತು.

"ಫೋನಲ್ಲಿ ಇಂಥ ಮಾತೆಲ್ಲ ಆಡ್ಬಾರ್ದು ಮಾಸ್ತಾ. ಇವತ್ತು ಸೀದಾ ಅಂಗಡಿಗೆ ಬಾ. ಎದುರಿಗೆ ಕೂತು ಮಾತಾಡುವ."

"ಎದುರಿಗೆ ಬಂದ್ರೆ ನಾನು ಹೂಂ ಅಂದ್ಬಿಡ್ತೀನಿ ಅಯ್ಯಾ. ಅದಕ್ಕೇ ಇಲ್ಲೇ ಹೇಳಿದ್ದು."

ನಡುವೆ ಎಕ್ಸ್‌ಚೇಂಜಿನ ಹೆಣ್ಣುಮಗಳ ದನಿ ನುಸುಳಿತು. ಮೂರು ನಿಮಿಷ ಆಯಿತು, ಮುಂದುವರಿಸುತ್ತೀರಾ ಎಂದು ಕೇಳಿದಳು. ಮುಕುಂದಯ್ಯನವರು ಹೂಂ ಹೂಂ, ಮುಂದುವರಿಸಿ ಎಂದು ಅವಸರದಲ್ಲಿ ಅಂದರು.

"ಸಾಕು ತಾಯಿ," ಎಂದ ಮಾಸ್ತಪ್ಪ, ರಿಸೀವರನ್ನು ಕೆರಿಯಪ್ಪನ ಕೈಗೆ ಕೊಟ್ಟು.