ಹರಳಿಗೆ ಹಚ್ಚಿದ ವಿಭೂತಿ

ಸೋದರತ್ತೆ ಶಾರದಾಬಾಯಿಯ ಮನೆಯ ದೇವರ ಜಗಲಿಯ ಮುಂದೆ ಕೂತು ನೀಲಗಂಗಾ ಅಂಗೈಯಲ್ಲಿ ವಿಭೂತಿ ಕಲಸುತ್ತಿದ್ದಳು. ಎದುರಿಗೆ ತಮ್ಮ ಕಲ್ಲಣ್ಣ ಮಾಡಿದ ರೇಡಿಯೋ. ಒಂದು ಹಲಗೆ, ಸುರುಳಿ ಸುತ್ತಿದ ತಂತಿ, ಹಿತ್ತಾಳೆಯ ಪುಟ್ಟ ಬಟ್ಟಲಲ್ಲಿ ಮಿರುಗುವ ಕರಿ ಹರಳು. ಹರಳಿನ ನೆತ್ತಿಗೆ ಕೂದಲೆಳೆಯಂಥ ತಂತಿ ತಾಗಿತ್ತು.

ತಮ್ಮೂರಾದ ತಡವಳದಲ್ಲಿ ಅಪ್ಪ ಹೊಸ ಕುಂಟೆಯನ್ನೂ ವಿಭೂತಿ ಹಚ್ಚದೆ ಹೊಲಕ್ಕೆ ಇಳಿಸಿದವನಲ್ಲ. ಇದಂತೂ ಪೀಠದ ಮೇಲೆ ಕೂತ ಕಲ್ಲು, ಥೇಟ್ ಲಿಂಗದ ಹಾಗೆ. ಬರಿದೇ ಹೇಗೆ ಬಿಡುವುದು? ತಂತಿ ಸರಿಸಿ, ಎರಡು ಹನಿ ನೀರೆರೆದು, ಹರಳಿಗೆ ದಪ್ಪಗೆ ವಿಭೂತಿ ಎಳೆದಳು. ತಂತಿಯನ್ನು ಮೊದಲಿನಂತೆಯೇ ಇಟ್ಟು ಕೈಮುಗಿದಳು.

ಸೊಲ್ಲಾಪುರದಲ್ಲಿ ಸಾಲೆಯ ಮಕ್ಕಳಿಗೆ ಸೂಟಿಯಲ್ಲಿ ರೇಡಿಯೋ ಕಟ್ಟಲು ಕಲಿಸುವ ಶಿಬಿರ ನಡೆದಿತ್ತು. ಇವತ್ತು ಕಡೆಯ ದಿನ. ಯಾರ ರೇಡಿಯೋ ಮಾತಾಡುವುದೋ ಅವರಿಗಷ್ಟೇ ಪುಣೆಯ ದೊಡ್ಡ ಶಿಬಿರ. ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟ ನೀಲಗಂಗಾ ತಮ್ಮನಿಗಾಗಿ ಬೇಡಿಕೊಂಡದ್ದು ಅದನ್ನೇ.

ಶಿಬಿರದಲ್ಲಿ ಮಕ್ಕಳ ಹಿಂದೆ ಅವರ ಮನೆಯವರೂ ಬಂದು ಕೂತಿದ್ದರು. ಮಾಸ್ತರರು ಪಕ್ಕದ ಖೋಲಿಯ ಯಂತ್ರದಿಂದ ಹಾಡು ಬಿಟ್ಟರು. ಕಲ್ಲಣ್ಣ ಹೆಡ್‌ಫೋನು ಕಿವಿಗೆ ಒತ್ತಿಕೊಂಡ. ತಂತಿ ಅಲುಗಿಸಿದ, ಮತ್ತೆ ಅಲುಗಿಸಿದ.

"ಏನೂ ಕೇಳಸವಲ್ದು ಸರ್."

ಮಾಸ್ತರರು ಬಗ್ಗಿ ನೋಡಿದರು. "ಅರೇ! ಹರಳಿಗೆ ವಿಭೂತಿ ಬಡದೀರಲೋ. ತಂತಿ ಹೆಂಗ ತಾಗಬೇಕು?"

"ರೇಡಿಯೋ ಅನುಷ್ಠಾನಕ್ಕ ಕುಂತದ್ರಿ ಸರ್, ಮಾತಾಡಂಗಿಲ್ಲ!" ಹಿಂದಿನ ಹುಡುಗನೊಬ್ಬ ಅಂದ. ಕೂತವರೆಲ್ಲ ಗೊಳ್ಳೆಂದು ನಕ್ಕರು.

"ಒರಸಿದ್ರ ಹೋಗಂಗಿಲ್ಲ, ಬ್ಯಾರೆ ಹರಳೂ ಇಲ್ಲಪಾ," ಅಂದು ಮಾಸ್ತರರು ಹಲಗೆಯನ್ನು ಬದಿಗೆ ಸರಿಸಿದರು. "ಯಾರ ಕೆಲಸ ಇದು?"

ಕಲ್ಲಣ್ಣ ತಲೆ ಎತ್ತಲಿಲ್ಲ. ಅತ್ತೆಯ ಪಕ್ಕ ಕೂತ ಅಕ್ಕನ ಕಡೆ ಬರೀ ಬೆರಳು ತೋರಿಸಿದ. "ಮನಿ ಕೆಲಸದಾಕಿ ಸರ್. ಆಕಿಗೇನ ತಿಳೀತದ."

ಎಲ್ಲರೂ ಹೊರಳಿ ನೋಡಿದರು. ಶಾರದಾಬಾಯಿ ಸೆರಗು ಸರಿಪಡಿಸಿಕೊಂಡು ಕಿಟಕಿಯ ಕಡೆ ಮುಖ ಮಾಡಿದಳು.

"ಹೌದೇನವಾ? ಇವರ ಮನ್ಯಾಗ ಕೆಲಸಕ್ಕಿದ್ದೀ?" ಮಾಸ್ತರರ ದನಿಯಲ್ಲಿ ಸಿಟ್ಟಿರಲಿಲ್ಲ.

ನೀಲಗಂಗಾ ಇನ್ನೂ ಬೆಳ್ಳಗಿದ್ದ ಬೆರಳುಗಳನ್ನು ಸೀರೆಯ ಮಡಿಕೆಯಲ್ಲಿ ಮುಚ್ಚಿಕೊಂಡಳು.

"ಹೌದ್ರಿ," ಅಂದಳು.

ಅತ್ತೆಯ ಮನೆಗೆ ಹೊರಟ ಟಾಂಗಾ ವಿಜಾಪುರ ರಸ್ತೆಗೆ ಹೊರಳಿತು. ಕಲ್ಲಣ್ಣ ಮುಂದೆ ಟಾಂಗಾದವನ ಪಕ್ಕ ಇವರಿಗೆ ಬೆನ್ನು ಮಾಡಿ ಕೂತಿದ್ದ. ಅತ್ತೆ ಅಂಗಡಿಗಳ ಬೋರ್ಡು ನೋಡುತ್ತಿದ್ದಳು.

"ಅತ್ತಿ, ನಾಳೆ ಮುಂಜಾನಿ ನನ್ನ ತಡವಳದ ಬಸ್ಸಿಗೆ ಹತ್ತಸ್ರಿ," ಅಂದಳು ನೀಲಗಂಗಾ.