ಮಧ್ಯಾಹ್ನ ನಿಲ್ಲುವ ಗಾಡಿ

ಮಗಳು ಕಿಕ್ಕರಿನ ಮೇಲೆ ಕಾಲಿಟ್ಟು ಜೋರಾಗಿ ಒದ್ದಳು. ಮೋಟಾರ್ ಸೈಕಲ್ ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಅಂಗಳದಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಕೂತಿದ್ದವರು ಮಾತು ನಿಲ್ಲಿಸಿ ಅವಳತ್ತ ತಿರುಗಿದರು. ಒಳಗೆ ನಡುಮನೆಯಲ್ಲಿ ಅವಳ ತಾಯಿ ಐಸ್ ಗಡ್ಡೆಗಳ ನಡುವೆ ಮಲಗಿದ್ದಳು.

"ಏನೇ ಇದು?" ಸೋದರಮಾವ ಎದ್ದು ಬಂದ. "ಹೆಣ ಇನ್ನೂ ಒಳಗಿದೆ. ಈಗ್ಯಾಕೆ ಗಾಡಿ ಮುಟ್ಟಿದೆ?"

"ಅಮ್ಮನ ಗಾಡಿ. ಅದೂ ಬರುತ್ತೆ ಸ್ಮಶಾನಕ್ಕೆ."

"ಆ ದರಿದ್ರ ಗಾಡೀನೇ ಅವಳನ್ನ ತಿಂದಿದ್ದು. ಅಂಗಡಿಗೆ ಬ್ರೆಡ್ ಹಾಕೋಳಿಗೆ ಮೋಟಾರ್ ಸೈಕಲ್ ಯಾಕೆ ಅಂತ ಅವತ್ತೇ ಬಡ್ಕೊಂಡೆ. ಓಡ್ಸೋಕೆ ಬರದೆ ನಿಲ್ಲಿಸ್ಕೊಂಡು, ಆ ಉರಿಬಿಸಿಲಲ್ಲಿ ಏರು ತಳ್ಕೊಂಡು ಹೋಗಿ..." ಮಾವ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಅವನ ದುಃಖ ನಿಜವಾದದ್ದೇ. ಅದರೊಳಗೆ ಗೆದ್ದವನ ಗತ್ತೂ ಒಂದಿಷ್ಟು ಇತ್ತು.

ಕಾಂಪೌಂಡ್ ಗೋಡೆಯ ನೆರಳಲ್ಲಿ ನಿಂತಿದ್ದ ಗ್ಯಾರೇಜಿನ ಮೇಸ್ತ್ರಿ ತಲೆ ವಾರೆ ಮಾಡಿ ಎಂಜಿನ್ ಸದ್ದು ಕೇಳಿದ. ಸಾವಿನ ಮನೆಯಲ್ಲೂ ಅವನ ಕಿವಿ ಗ್ಯಾರೇಜಿನದೇ.

"ಬೆಣ್ಣೆ ಥರ ಓಡ್ತಿದೆ ನೋಡಿ. ಗಾಡೀಲಿ ಏನೂ ಇಲ್ಲ. ಪಾಪ, ಬ್ರೆಡ್ಡಕ್ಕಂಗೆ ಸ್ಟಾರ್ಟ್ ಮಾಡೋಕೆ ಹಾಕಿದ ಚೋಕ್ ವಾಪಸ್ ತೆಗೆಯೋದು ನೆನಪಿರ್ತಿರಲಿಲ್ಲ. ಅದಕ್ಕೇ ನಿಲ್ತಿತ್ತು."

ಅಲ್ಲಲ್ಲಿ ಕೆಲವು ತಲೆಗಳು ಹೌದೆಂದು ಆಡಿದವು. ಮಗಳು ಎಂಜಿನ್ ಆಫ್ ಮಾಡಿದಳು. ಅವಳು ಬಸ್ ಕಂಡಕ್ಟರ್. ಬಾಗಿಲಲ್ಲಿ ನೇತಾಡುವವರನ್ನು ಬೈದು ಒಳಗೆ ತಳ್ಳುವುದು ಅವಳ ದಿನದ ಕೆಲಸ. ಎದುರಿಗೆ ಎಷ್ಟು ಜನ ಇದ್ದಾರೆಂದು ನೋಡಿ ದನಿ ತಗ್ಗಿಸುವ ಅಭ್ಯಾಸ ಇರಲಿಲ್ಲ.

"ಮೇಸ್ತ್ರಿ, ಇದು ಬೆಳಿಗ್ಗೆ. ಬೆಳಿಗ್ಗೆ ಇದು ಯಾವತ್ತೂ ನಿಂತಿಲ್ಲ."

"ಬೆಳಿಗ್ಗೆ ಓಡೋ ಗಾಡಿ ಮಧ್ಯಾಹ್ನ ಯಾಕಮ್ಮ ನಿಲ್ಲುತ್ತೆ? ಅದಕ್ಕೂ ಊಟದ ಬಿಡುವು ಬೇಕಾ?"

ಯಾರೋ ನಕ್ಕರು. ಎಲ್ಲಿದ್ದೇವೆಂದು ನೆನಪಾಗಿ ಕೆಮ್ಮಿದರು.

"ಹಾಗಾದ್ರೆ ನೀವೇ ಓಡಿಸ್ಕೊಂಡು ಬನ್ನಿ. ಹೆಣ ಸಾಗಿಸೋ ವ್ಯಾನ್ ಇನ್ನೊಂದು ಸಾವಿನ ಮನೆಗೆ ಹೋಗಿದೆ, ಬರೋದು ಮಧ್ಯಾಹ್ನಾನೇ. ಅದರ ಹಿಂದೆ ನಿಧಾನಕ್ಕೆ ಬನ್ನಿ, ಆ ಏರು ಹತ್ತಿಸಿ. ಗಾಡಿ ನಿಲ್ಲದೆ ಸ್ಮಶಾನ ಮುಟ್ಟಿದ್ರೆ ಅಮ್ಮಂಗೆ ಓಡ್ಸೋಕೆ ಬರ್ತಿರಲಿಲ್ಲ ಅಂತ ನಾನೇ ಒಪ್ಕೋತೀನಿ. ಎಲ್ಲರ ಮುಂದೆ."

"ತಾಯಿ ಹೆಣ ಮನೇಲಿರುವಾಗ ಪಂದ್ಯ ಕಟ್ತೀಯಲ್ಲೇ!" ಎಂದ ಮಾವ.

"ಇವತ್ತು ಬಿಟ್ರೆ ಇಷ್ಟು ಜನ ಮತ್ತೆ ಒಂದೇ ಕಡೆ ಸಿಗಲ್ಲ, ಮಾವ."

ಮೇಸ್ತ್ರಿ ಸುತ್ತ ನೋಡಿದ. ಒಲ್ಲೆ ಎನ್ನುವ ಹಾಗಿರಲಿಲ್ಲ. ಅವನ ಗ್ಯಾರೇಜಿಗೆ ಗಾಡಿ ಬಿಡುವ ಅರ್ಧ ಜನ ಅಲ್ಲೇ ಕೂತಿದ್ದರು.

"ಅದಕ್ಕೇನು, ತರ್ತೀನಿ," ಎಂದ.

ಮಗಳು ಗಾಡಿಯನ್ನು ನೆರಳಿನಿಂದ ಬಿಸಿಲಿಗೆ ತಳ್ಳಿ ಸ್ಟ್ಯಾಂಡ್ ಹಾಕಿದಳು.

*

ಗಂಡ ತೀರಿಕೊಂಡ ಮೇಲೆ ಬೇಕರಿಯವರು ಬ್ರೆಡ್ಡಕ್ಕನಿಗೆ ಕೊಟ್ಟಿದ್ದು ಅಂಗಡಿಗಳಿಗೆ ಬ್ರೆಡ್ ಹಾಕುವ ಕೆಲಸ, ಒಂದು ಸೈಕಲ್. ಹಿಂದೆ ಕ್ರೇಟು ಕಟ್ಟಿಕೊಂಡು ಊರಾಚೆಯ ಏರನ್ನು ತಳ್ಳಿ ತಳ್ಳಿ ಮಂಡಿ ನೋವು ಹಿಡಿದಾಗ, ಯಾರನ್ನೂ ಕೇಳದೆ ಹಳೆಯ ಮೋಟಾರ್ ಸೈಕಲ್ ಒಂದನ್ನು ಮನೆಗೆ ತಂದಳು. ಖಾಲಿ ಮೈದಾನದಲ್ಲಿ ತಾನೇ ಬಿದ್ದು ತಾನೇ ಎದ್ದು ಕಲಿತಳು. ಅಣ್ಣ ಮಾತು ಬಿಟ್ಟ.

"ಬಿಡ್ಲಿ. ಮನೆ ಎಷ್ಟು ತಣ್ಣಗಿದೆ ಈಗ," ಎಂದು ಮಗಳಿಗೆ ಹೇಳಿ ನಕ್ಕಿದ್ದಳು.

ಬೆಳಗಿನ ಸುತ್ತಿನಲ್ಲಿ ಬ್ರೆಡ್ಡು. ಹೊತ್ತೇರಿದ ಮೇಲೆ ಟೀ ಅಂಗಡಿಗಳಿಗೆ ಬನ್ನು. ತೊಂದರೆ ಶುರುವಾದದ್ದು ಹೋದ ಬೇಸಿಗೆಯಲ್ಲಿ, ಅದೂ ಎರಡನೇ ಸುತ್ತಿನಲ್ಲಿ ಮಾತ್ರ. ಏರಿನ ನಡುವೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ತಣ್ಣಗಾಗುವವರೆಗೆ ಕಾದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಬಿಸಿಲಿಗೆ ಪೆಟ್ರೋಲ್ ಕುದಿಯುತ್ತಿದೆ ಎಂದು ಬ್ರೆಡ್ಡಕ್ಕ ತೀರ್ಮಾನಿಸಿದಳು. ಒಂದು ದಿನ ಟವೆಲ್ ನೆನೆಸಿ ಟ್ಯಾಂಕಿನ ಮೇಲೆ ಹೊದಿಸಿದಳು. ಗಾಡಿ ಬೇಗನೆ ಹೊರಟಿತು. ಅಂದಿನಿಂದ ಸೀಟಿನ ಪಕ್ಕದ ಡಬ್ಬಿಯಲ್ಲಿ ಒಂದು ನೀಲಿ ಟವೆಲ್ಲು, ಒಂದು ಬಾಟಲಿ ನೀರು ಖಾಯಂ ಆದವು.

ಕೆಲಸ ಮುಗಿಸಿ ಅವಳು ಗ್ಯಾರೇಜಿಗೆ ಹೋಗುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು. ಮೇಸ್ತ್ರಿ ತಂಗಾಳಿಯಲ್ಲಿ ಒಂದು ಸುತ್ತು ಹೊಡೆದು ಬರುತ್ತಿದ್ದ.

"ಏನೂ ಇಲ್ಲಕ್ಕ."

"ಮಧ್ಯಾಹ್ನ ಬಾ ನನ್ನ ಜೊತೆ. ಏರು ಹತ್ತಿಸಿ ನೋಡು."

"ಮಧ್ಯಾಹ್ನ ಉಂಡು ಮಲಗೋ ಹೊತ್ತು. ಅದಿರ್ಲಿ, ಇದೇನು ಡಬ್ಬೀಲಿ ಒದ್ದೆ ಬಟ್ಟೆ? ಗಾಡಿಗೆ ಜ್ವರಾನಾ?"

"ಹೂಂ. ಡಾಕ್ಟ್ರಿಗೆ ನಾಡಿ ಹಿಡಿಯೋಕೆ ಬರಲ್ಲ. ಅದಕ್ಕೆ ನಾನೇ ಒದ್ದೆ ಬಟ್ಟೆ ಹಾಕ್ತಿದೀನಿ."

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಮೇಸ್ತ್ರಿ ನಗಲಿಲ್ಲ.

"ಗಾಡಿ ಕೆಟ್ಟಿಲ್ಲ. ಹೆಂಗಸರ ಕೈಗೆ ಅದು ಹೊಂದಲ್ಲ, ಅಷ್ಟೆ."

"ಓಡ್ಸೋಕೆ ಬರಲ್ಲ ಅಂದ್ರೆ ಬೆಳಿಗ್ಗೆನೂ ಬರಬಾರದಲ್ಲಪ್ಪ. ಬೆಳಿಗ್ಗೆ ಬರೋ ವಿದ್ಯೆ ಮಧ್ಯಾಹ್ನ ಎಲ್ಲಿಗೆ ಹೋಗುತ್ತೆ?"

ಬೇರೆ ಗ್ಯಾರೇಜುಗಳಿಗೂ ಗಾಡಿ ಒಯ್ದಳು. ಎಲ್ಲರೂ ಸಂಜೆಯೇ ನೋಡಿದರು, ಎಲ್ಲರೂ ಚೋಕ್ ಎಂದರು.

ಈ ವಾರ ಮತ್ತೆ ಮೇಸ್ತ್ರಿಯ ಬಳಿಯೇ ಬಿಟ್ಟಳು. ಅವನು ಆಯಿಲ್ ಬದಲಿಸಿ, ಚೈನು ಬಿಗಿಮಾಡಿ, ತೊಳೆದು ಕೊಟ್ಟ. ಮೊನ್ನೆ ಸಂಜೆ ಗಾಡಿ ಮನೆಗೆ ಬಂತು. ನಿನ್ನೆ ಮಧ್ಯಾಹ್ನ ಏರಿನ ಅರ್ಧಕ್ಕೆ ಅದನ್ನು ತಳ್ಳಿಕೊಂಡು ಹೋದ ಬ್ರೆಡ್ಡಕ್ಕ ರಸ್ತೆಯ ಪಕ್ಕದಲ್ಲಿ ಕೂತಳು. ಮತ್ತೆ ಏಳಲಿಲ್ಲ. ಕೂರುವ ಮೊದಲು ಸ್ಟ್ಯಾಂಡ್ ಹಾಕಿದ್ದಳು. ಕ್ರೇಟಿನಿಂದ ಒಂದು ಬನ್ನೂ ಬಿದ್ದಿರಲಿಲ್ಲ.

*

ವ್ಯಾನು ಹೊರಟಾಗ ಬಿಸಿಲು ನೆತ್ತಿಯ ಮೇಲಿತ್ತು. ಮಗಳು ಮತ್ತು ಮಾವ ಒಳಗೆ, ಹೆಣದ ಎರಡು ಬದಿಗೆ ಕೂತರು. ತಗಡಿನ ತಟ್ಟೆಯಲ್ಲಿ ಐಸ್ ಕರಗಿದ ನೀರು ಆಚೀಚೆ ತುಳುಕುತ್ತಿತ್ತು. ಹಿಂಬಾಗಿಲ ಗಾಜಿನಲ್ಲಿ ಮೇಸ್ತ್ರಿ ಕಾಣುತ್ತಿದ್ದ. ಅವನ ಹಿಂದೆ ಟೆಂಪೊ, ಉಳಿದವರ ಬೈಕುಗಳು.

ಮಾರ್ಕೆಟ್ಟು ದಾಟಿತು. ಹಿಟ್ಟಿನ ಗಿರಣಿ ದಾಟಿತು. ರೈಲ್ವೆ ಗೇಟಿನಲ್ಲಿ ತುಂಬಾ ಹೊತ್ತು ಕಾದರು. ಮೇಸ್ತ್ರಿ ಬೇಕೆಂದೇ ಎಂಜಿನ್ ಆಫ್ ಮಾಡಲಿಲ್ಲ. ಅದು ಒಂದೇ ಸಮನೆ ಗುಡುಗುಡು ಎನ್ನುತ್ತ ನಿಂತಿತ್ತು.

"ಬರ್ತಿದೆಯಲ್ಲ," ಎಂದ ಮಾವ.

ಮಗಳು ಗಾಜಿಗೆ ಇನ್ನಷ್ಟು ಹತ್ತಿರ ಸರಿದಳು. ಅಮ್ಮ ಸುಳ್ಳು ಹೇಳಿದ್ದಳೆಂಬ ಅನುಮಾನ ಅವಳಿಗೆ ಇರಲಿಲ್ಲ. ಆದರೆ ಇವತ್ತೊಂದು ದಿನ ಗಾಡಿಯೇ ಸುಳ್ಳು ಹೇಳಿಬಿಟ್ಟರೆ? ಆಮೇಲೆ ಈ ಊರು ಅಮ್ಮನನ್ನು ಚೋಕ್ ಮರೆತು ಸತ್ತವಳು ಎಂದೇ ನೆನಪಿಟ್ಟುಕೊಳ್ಳುತ್ತದೆ.

ಏರು ಶುರುವಾಯಿತು. ಅರ್ಧ ಹತ್ತುವಷ್ಟರಲ್ಲಿ ಹಿಂದಿನ ಸದ್ದು ಮುಗ್ಗರಿಸಿತು. ಗಾಡಿ ಒಮ್ಮೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು, ಸೈಲೆನ್ಸರಿನಿಂದ ಒಂದು ಢಮ್ ಎಂಬ ಸದ್ದು ಹೊರಡಿಸಿ ನಿಂತಿತು.

"ಹೋಲ್ಡಾನ್!" ಮಗಳು ಬಸ್ ನಿಲ್ಲಿಸುವವಳಂತೆ ಕೂಗಿ ವ್ಯಾನಿನ ತಗಡಿಗೆ ಬಡಿದಳು. ಡ್ರೈವರ್ ಬೆಚ್ಚಿ ಬ್ರೇಕ್ ಒತ್ತಿದ.

ಅವಳು ಕೆಳಗಿಳಿದು ಬರುವಷ್ಟರಲ್ಲಿ ಮೇಸ್ತ್ರಿ ಹತ್ತಾರು ಸಲ ಕಿಕ್ ಹೊಡೆದಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಚೋಕ್ ಹಾಕಿದ್ರಾ ಮೇಸ್ತ್ರಿ? ನೆನಪು ಮಾಡ್ಕೊಳ್ಳಿ."

ಟೆಂಪೊದಲ್ಲಿದ್ದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮೇಸ್ತ್ರಿ ಟೆಂಪೊದಲ್ಲಿಟ್ಟಿದ್ದ ತನ್ನ ಸಾಮಾನಿನ ಪೆಟ್ಟಿಗೆ ಇಳಿಸಿಕೊಂಡು ಪೆಟ್ರೋಲ್ ಪೈಪ್ ಬಿಚ್ಚಿ ನೋಡಿದ. ಪೆಟ್ರೋಲ್ ಧಾರಾಳವಾಗಿ ಸುರಿಯಿತು. ಪೈಪ್ ಹಾಕಿ ಪ್ಲಗ್ ಬಿಚ್ಚಿದ, ಅದನ್ನು ವೈರಿಗೆ ಸಿಕ್ಕಿಸಿ ಎಂಜಿನ್ನಿಗೆ ತಾಗಿಸಿ ಹಿಡಿದು, "ಒದಿಯಮ್ಮ," ಎಂದ. ಅವಳು ಒದ್ದಳು. ಪ್ಲಗ್ಗಿನ ತುದಿಯಲ್ಲಿ ಏನೂ ಕಾಣಲಿಲ್ಲ.

"ಕಿಡಿನೇ ಇಲ್ಲ," ಎಂದು ಗೊಣಗಿದ. ಪೆಟ್ಟಿಗೆಯಿಂದ ಹೊಸ ಪ್ಲಗ್ ತೆಗೆದು ನೋಡಿದ. ಅದರಲ್ಲೂ ಇಲ್ಲ.

ಮಗಳು ಸೀಟಿನ ಪಕ್ಕದ ಡಬ್ಬಿ ತೆರೆದಳು. ಖಾಲಿ.

"ಅಮ್ಮನ ಟವೆಲ್ ಎಲ್ಲಿ? ನೀರಿನ ಬಾಟಲಿ?"

ಮೇಸ್ತ್ರಿ ತಲೆ ಎತ್ತಲಿಲ್ಲ. "ತೊಳಿಯೋವಾಗ ಡಬ್ಬಿ ಖಾಲಿ ಮಾಡ್ದೆ. ಬಾಟಲಿ ಗ್ಯಾರೇಜಲ್ಲಿದೆ. ಟವೆಲ್ಲು... ಹಳೆ ಬಟ್ಟೆ ಅಂತ ಕೈ ಒರೆಸ್ಕೊಂಡು ಬಿಸಾಕ್ದೆ."

ಮಗಳು ಅವನನ್ನೇ ನೋಡಿದಳು. ಸರಸರನೆ ವ್ಯಾನಿಗೆ ಹೋಗಿ ಮಾವನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು, ಅಮ್ಮನ ಕಾಲ ಬಳಿ ನಿಂತಿದ್ದ ಐಸ್ ನೀರಿನಲ್ಲಿ ಅದ್ದಿದಳು.

"ಏಯ್, ಅದು ಹೆಣದ ನೀರು ಕಣೇ!"

"ಅಮ್ಮನ ನೀರು. ಅಮ್ಮನ ಗಾಡಿಗೆ."

ತೊಟ್ಟಿಕ್ಕುವ ಟವೆಲನ್ನು ಟ್ಯಾಂಕಿನ ಮೇಲೆ ಹೊದಿಸಿದಳು. ನೀರು ಟ್ಯಾಂಕಿನ ಬದಿಯಿಂದ ಇಳಿದು ಅಡಿಗೆ ಜಾರಿತು. ಎಲ್ಲೋ ಚುರ್ ಎಂದಿತು. ಮೇಸ್ತ್ರಿ ಬಗ್ಗಿದ. ನೀರು ಇಳಿಯುವ ದಾರಿಯಲ್ಲೇ ಬೆರಳಾಡಿಸುತ್ತ ಹೋಗಿ ಟ್ಯಾಂಕಿನ ಕೆಳಗಿದ್ದ, ಪ್ಲಗ್ಗಿಗೆ ಕರೆಂಟ್ ಕಳಿಸುವ ಕಾಯ್ಲ್ ಮುಟ್ಟಿ ಬೆರಳು ಹಿಂದೆಗೆದ.

"ಇನ್ನೊಂದ್ಸಲ ಅದ್ದಿ ತಾ," ಎಂದ.

ಅವಳು ಮತ್ತೆ ಮತ್ತೆ ಅದ್ದಿ ತಂದಳು. ಕೊನೆಗೆ ಅವನು ಪ್ಲಗ್ ಹಿಡಿದ, ಅವಳು ಒದ್ದಳು. ಆ ಬಿಸಿಲಿನಲ್ಲೂ ನೀಲಿ ಕಿಡಿ ಚಟ್ ಎಂದು ಹಾರಿದ್ದು ಸುತ್ತ ನಿಂತವರಿಗೆಲ್ಲ ಕಂಡಿತು.

"ಕಾಯ್ಲ್ ಹೋಗಿದೆ," ಎಂದ ಮೇಸ್ತ್ರಿ. "ಬಿಸಿ ಏರಿದ್ರೆ ಸಾಯುತ್ತೆ, ತಣ್ಣಗಾದ್ರೆ ಬದುಕುತ್ತೆ. ಪೆಟ್ರೋಲ್ ಕುದಿಯೋದು ಅಂತ ಅಕ್ಕ ಅಂದ್ಕೊಂಡಿದ್ದು ತಪ್ಪು. ಅವರು ಹಾಕಿದ ನೀರು ಕಾಯ್ಲ್ ಮೇಲೆ ಬೀಳ್ತಿತ್ತು, ಅದಕ್ಕೆ..."

"ಕಾಯ್ಲೋ ಪೆಟ್ರೋಲೋ, ಗಾಡಿ ಕೆಟ್ಟಿತ್ತೋ ಇಲ್ವೋ?"

"ಕೆಟ್ಟಿತ್ತು."

"ಜೋರಾಗಿ ಹೇಳಿ. ಮಾವ ವ್ಯಾನಲ್ಲಿದ್ದಾರೆ."

ಮೇಸ್ತ್ರಿ ಎದ್ದು ನಿಂತ. "ಗಾಡಿ ಕೆಟ್ಟಿತ್ತು! ಬ್ರೆಡ್ಡಕ್ಕಂಗೆ ಓಡ್ಸೋಕೆ ಬರ್ತಿತ್ತು. ನನಗೆ ನೋಡೋಕೆ ಬರಲಿಲ್ಲ."

ವ್ಯಾನಿನಲ್ಲಿ ಮಾವನ ಕೈ ಮುಖ ಒರೆಸಿಕೊಳ್ಳಲು ಹೆಗಲಿಗೆ ಹೋಯಿತು. ಅಲ್ಲಿ ಟವೆಲ್ ಇರಲಿಲ್ಲ. ಕೈ ಸುಮ್ಮನೆ ಕೆಳಗಿಳಿಯಿತು.

ಪ್ಲಗ್ ಬಿಗಿಮಾಡಿ ಮೇಸ್ತ್ರಿ ಗಾಡಿ ಹತ್ತಲು ಹೋದ. ಮಗಳು ಹ್ಯಾಂಡಲ್ ಹಿಡಿದಳು.

"ನೀವು ವ್ಯಾನ್ ಹತ್ತಿ. ನನ್ನ ಜಾಗ ಖಾಲಿ ಇದೆ, ಅಮ್ಮನ ಪಕ್ಕ."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಇಡಲೂ ಮರೆತು ಹೋಗಿ ಕೂತ. ಗಾಡಿ ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಅವಳು ವ್ಯಾನನ್ನು ದಾಟಿ ಮುಂದೆ ಬಂದು, ಎಡಗೈ ಎತ್ತಿ, ತುಂಬಿದ ಬಸ್ಸಿಗೆ ಕೂಗುವಂತೆ "ರೈಟ್!" ಎಂದು ಕೂಗಿ ಏರು ಹತ್ತತೊಡಗಿದಳು. ಒದ್ದೆ ಟವೆಲಿನಿಂದ ಹನಿಗಳು ಒಂದರ ಹಿಂದೊಂದು ರಸ್ತೆಗೆ ಬೀಳುತ್ತಿದ್ದವು. ಕಾದ ಟಾರಿನ ಮೇಲೆ ಅವುಗಳ ಕಪ್ಪು ಚುಕ್ಕೆಗಳು ಒಂದೊಂದಾಗಿ ಮೂಡಿ, ಹಿಂದಿನ ವ್ಯಾನಿನ ಚಕ್ರ ಬರುವಷ್ಟರಲ್ಲಿ ಒಂದೊಂದಾಗಿ ಆರಿಹೋಗುತ್ತಿದ್ದವು. ಏರಿನ ತುದಿಯವರೆಗೂ ಹೊಸ ಚುಕ್ಕೆಗಳು ಬೀಳುತ್ತಲೇ ಇದ್ದವು.